ವಾರ್ನಿಶ್ ಒಣಗುವ ಮೊದಲು

ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನಿಂತವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಎದುರಿನವರು ಮಾತು ಮುಗಿಸುವ ಮೊದಲೇ ಅದಕ್ಕೆ ಉತ್ತರ ನಮ್ಮ ನಾಲಿಗೆಯ ಮೇಲೆ ಕೂತಿರುತ್ತದೆ. ಆ ಚಟವನ್ನು ಹೊತ್ತುಕೊಂಡೇ ನಾನು ಕಲಬುರಗಿಯ ನೆಹರು ಗಂಜಿನ ಹಿಂದಿದ್ದ ಒಂದು ಮೋಟಾರು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತು. ಹಿಟ್ಟಿನ ಗಿರಣಿಯ ಮೋಟಾರು, ಬಾವಿಯ ಮೋಟಾರು ಮಾರುವುದು, ಸುಟ್ಟವಕ್ಕೆ ಹೊಸದಾಗಿ ತಾಮ್ರದ ತಂತಿಯ ಕಾಯಿಲ್ ಸುತ್ತಿ ಕೊಡುವುದು ಅಂಗಡಿಯ ಕೆಲಸ. ಕಮಲಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಒಂದೇ ಕೋಣೆಯ ಶಾಖೆ ಇತ್ತು. ಅಲ್ಲಿ ಒಬ್ಬ ಗುಮಾಸ್ತರು, ಒಂದು ಕಂಪ್ಯೂಟರು. ಆ ಕಡೆಯವರು ಸುಟ್ಟ ಮೋಟಾರನ್ನು ಅಲ್ಲಿ ಇಳಿಸಿ ಹೋಗುತ್ತಿದ್ದರು, ರಿಪೇರಿ ನಮ್ಮಲ್ಲಿ.

ಗಿರಾಕಿಗಳ ವಿವರವೆಲ್ಲ ಕಲಬುರಗಿಯ ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿರುತ್ತಿತ್ತು: ಯಾರು, ಯಾವ ಊರು, ಏನು ತಕರಾರು, ಕೆಲಸ ಎಲ್ಲಿಗೆ ಬಂತು. ಕಮಲಾಪುರದ ಗುಮಾಸ್ತರು ನೋಡಲೆಂದು ಒಂದು ವೆಬ್ ಪುಟ ನಾನು ಬರುವ ಮೊದಲೇ ಇತ್ತು. ಆದರೆ ಅದರಲ್ಲಿ ಕಾಣುತ್ತಿದ್ದದ್ದು ನಕಲು. ಸಂಜೆ ಬಾಗಿಲು ಹಾಕುವಾಗ ಆ ದಿನದ ಪಟ್ಟಿಯನ್ನು ಪುಟಕ್ಕೆ ಏರಿಸುತ್ತಿದ್ದರು, ಮರುದಿನ ಬೆಳಿಗ್ಗೆ ಗುಮಾಸ್ತರು ಓದಿ ಗಿರಾಕಿಗಳಿಗೆ ಹೇಳುತ್ತಿದ್ದರು.

ನನಗೆ ಇದನ್ನು ಸಹಿಸಲಾಗಲಿಲ್ಲ. ನಕಲು ಬೇಡ, ಪುಟವನ್ನು ನೇರವಾಗಿ ಸಾಫ್ಟ್‌ವೇರಿಗೇ ಜೋಡಿಸೋಣ, ಇಲ್ಲಿ ಬರೆದದ್ದು ಆ ಕ್ಷಣವೇ ಅಲ್ಲಿ ಕಾಣಲಿ ಎಂದೆ. ಮಾಲೀಕರು, ನಡದದಲ್ಲವ್ವಾ, ಯಾಕ ಕೈ ಹಚ್ತಿ ಅಂದರು. ನಾನು ಕೈ ಹಚ್ಚಲಿಲ್ಲ, ಬಾಯಿ ಹಚ್ಚಿದೆ. ನಿನ್ನೆಯ ಸಂಗತಿಯನ್ನು ಇವತ್ತು ಹೇಳುವುದು ಸುಳ್ಳು ಹೇಳಿದಂತೆಯೇ ಎಂದು ವಾರಪೂರ್ತಿ ವಾದಿಸಿದೆ. ಅವರು ಕೊನೆಗೆ ಒಪ್ಪಿದ್ದು ನನ್ನ ವಾದಕ್ಕಲ್ಲ, ದಣಿವಿಗೆ ಅಂತ ಈಗ ಅನಿಸುತ್ತದೆ. ಅವತ್ತು ಗೆದ್ದೆ ಅಂದುಕೊಂಡಿದ್ದೆ.

ಜೋಡಿಸುವ ಕೆಲಸ ಹದಿನೈದು ದಿನ ಹಿಡಿಯಿತು. ಒಂದು ಮಂಗಳವಾರ ಸಂಜೆ ಎಲ್ಲ ಸರಿಹೋಯಿತು. ಮಾಲೀಕರಿಗೆ ಹೇಳಿದೆ, ಕಮಲಾಪುರಕ್ಕೆ ಫೋನು ಮಾಡಿ ಗುಮಾಸ್ತರಿಗೆ ಹೇಳಿದೆ. ಹಿಂದಿನ ಶೆಡ್ಡಿನಲ್ಲಿ ಕಾಯಿಲ್ ಸುತ್ತುವ ಉಸ್ತಾದರಿಗೆ ಹೇಳಲಿಲ್ಲ. ರೋಜಾ ಬಡಾವಣೆಯ ಕಡೆಯಿಂದ ಸೈಕಲ್ ಮೇಲೆ ಬರುತ್ತಿದ್ದ ಹಿರಿಯರು ಅವರು, ಕಂಪ್ಯೂಟರಿನ ಹತ್ತಿರ ಸುಳಿದವರೇ ಅಲ್ಲ. ಮೋಟಾರಿನ ನಂಬರು ಹೇಳಿ ಒಳಗಿಂದ "ರೆಡಿ" ಅಂತ ಕೂಗುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಎದ್ದುಹೋಗಿ ನೋಡಿದವಳಲ್ಲ.

ಮರುದಿನ ಹನ್ನೊಂದಕ್ಕೆ ಹಾಗೇ ಒಂದು ನಂಬರು ಕೂಗಿದರು. ಕಮಲಾಪುರದ ಒಬ್ಬ ಗಿರಣಿಯವಳ ಮೋಟಾರು. ರೆಡಿ ಅಂತ ಬರೆದೆ. ನೋಡಿದಿರೇನ್ರಿ ಅಂತ ಗುಮಾಸ್ತರಿಗೆ ಫೋನು ಮಾಡಿದರೆ, ಬಂತು ಬಂತು, ಆಕಿ ಇಲ್ಲೇ ನಿಂತಾಳ, ಹೇಳೀನಿ ಅಂದರು. ನನಗಾದ ಖುಷಿಗೆ ಇಡೀ ಅಂಗಡಿಗೆ ಚಹಾ ತರಿಸಿದೆ.

ಎರಡು ಗಂಟೆಗೆ ಆಕೆ ಟೆಂಪೋ ಮಾಡಿಕೊಂಡು ಬಂದಿಳಿದಳು. ನಲವತ್ತು ದಾಟಿದ ಹೆಂಗಸು, ರೆಪ್ಪೆಯ ಕೂದಲಲ್ಲೂ ಹಿಟ್ಟಿನ ಬಿಳುಪು ಉಳಿದಿತ್ತು. ನಾನೇ ಮುಂದಾಗಿ ಶೆಡ್ಡಿಗೆ ಕರೆದೊಯ್ದೆ. ಶೆಡ್ಡಿನ ಬಾಗಿಲಲ್ಲೇ ಮೋಟಾರು ಬಿಸಿಲಿಗೆ ಬಿಚ್ಚಿಟ್ಟಿತ್ತು. ಹೊಸ ಕಾಯಿಲಿನ ಮೇಲೆ, ತಂತಿ ಸುಡದಿರಲೆಂದು ಹಚ್ಚುವ ವಾರ್ನಿಶ್ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು, ಅದರ ಘಾಟು ಮೂಗಿಗೆ ಹೊಡೆಯಿತು. ಇವತ್ತ ಕೊಡಂಗಿಲ್ಲ, ನಾಳಿ ಒಯ್ರಿ ಅಂದರು ಉಸ್ತಾದರು.

ನನ್ನ ಚಟ ಎದ್ದಿತು. ನೀವೇ ರೆಡಿ ಅಂದದ್ದು, ನಾನೇ ಬರೆದದ್ದು, ಅಲ್ಲಿ ಕಂಡದ್ದೂ ಅದೇ, ಈಗ ಇಲ್ಲ ಅಂದರೆ ಹೇಗೆ ಎಂದು ಶುರುಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬೇಟಿ, ನಿಮ್ಮ ಪಟ್ಟಿ ಕಮಲಾಪುರಕ್ಕ ಮುಟ್ಟೋದು ಮರುದಿನ ಮುಂಜಾನಿ. ಅಷ್ಟರಾಗ ವಾರ್ನಿಶ್ ಒಣಗಿರತದ. ಅದಕ್ಕ ಹಚ್ಚಿದ ಕೂಡ್ಲೇ ರೆಡಿ ಅಂತ ಬರಸ್ತೀನಿ. ಒಣಗಿದ ಮ್ಯಾಲ ಬರಸಿದ್ರ ಗಿರಾಕಿಗಿ ಒಂದಿನ ತಡಾ ಆಗ್ತದ. ಮೊದಲಿಂದ ಹಂಗೇ ಮಾಡಾಕತ್ತೀನಿ."

ಆ ನಕಲು ಪುಟದ ತಡವನ್ನು ಈ ಹಿರಿಯರು ಎಂದೋ ಲೆಕ್ಕ ಹಿಡಿದು, ತನ್ನ ಮಾತನ್ನು ಅಷ್ಟೇ ಮುಂದೆ ಸರಿಸಿಟ್ಟಿದ್ದರು. ಎರಡೂ ಸೇರಿ ಸತ್ಯವಾಗುತ್ತಿತ್ತು. ನಾನು ತಡವನ್ನು ಮಾತ್ರ ಕಿತ್ತುಹಾಕಿದ್ದೆ.

ಗಿರಣಿಯವಳು ಕೂಗಾಡಲಿಲ್ಲ. ಗಿರಣಿ ನಿಂತು ನಾಲ್ಕು ದಿನವಾಗಿತ್ತು. ಜೋಳದ ಹಿಟ್ಟು ಹಳೆಯದಾದರೆ ರೊಟ್ಟಿ ಬಡಿಯಲು ಬರುವುದಿಲ್ಲ. ಯಾರೂ ಹೆಚ್ಚು ಬೀಸಿ ಇಟ್ಟುಕೊಳ್ಳುವವರಲ್ಲ. ಬಸ್‌ಸ್ಟ್ಯಾಂಡ್ ಮಗ್ಗುಲಲ್ಲಿ ಹೊಸ ಗಿರಣಿಯೊಂದು ಬಂದಿತ್ತು. ಒಮ್ಮೆ ಅಲ್ಲಿಗೆ ಹೋದ ಜೋಳದ ಡಬ್ಬಿ ತಿರುಗಿ ಬರುವುದಿಲ್ಲ ಅಂದಳು. ಬೆಳಿಗ್ಗೆ ಗುಮಾಸ್ತರ ಮಾತು ಕೇಳಿ, ಸಂಜಿಗಿ ಡಬ್ಬಿ ತರ್ರಿ, ಬೀಸಿ ಕೊಡ್ತೀನಿ ಅಂತ ಓಣಿಗೆಲ್ಲ ಹೇಳಿ ಬಂದಿದ್ದಳು.

ಹಸಿಯಾಗಿಯೇ ಒಯ್ದರೆ ಏನಾಗುತ್ತದೆ ಅಂತ ಕೇಳಿದಳು. ಒಂದು ತಾಸು ತಿರುಗಬಹುದು, ಆಮೇಲೆ ಸುಡುತ್ತದೆ, ಮತ್ತೆ ಮೊದಲಿಂದ ಸುತ್ತಬೇಕು ಅಂದರು ಉಸ್ತಾದರು. ಆಕೆ ನನ್ನ ಕಡೆ ತಿರುಗಿದಳು.

"ನೀ ಹೇಳ ತಂಗಿ. ಒಯ್ಯಲೋ, ಬಿಡಲೋ?"

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಅಂತ ಚೀಟಿ ಎತ್ತಿ ಕೊಡುತ್ತಾರೆ. ಇಲ್ಲಿ ಯಾರೂ ಕೊಡಲಿಲ್ಲ. ಬಿಟ್ಟು ಹೋಗ್ರಿ, ತಪ್ಪು ನಂದು ಅಂದೆ.

"ನಂದು ಅಂತ ಇಲ್ಲಿ ಹೇಳಿದ್ರ ಏನ್ ಬಂತು? ಅಲ್ಲಿ ಬಂದು ಹೇಳ. ನಾ ಹೇಳಿದ್ರ ಗಿರಣ್ಯಾಕಿ ಸುಳ್ಳ ಹೇಳ್ತಾಳ ಅಂತಾರ."

ಖಾಲಿ ಟೆಂಪೋದಲ್ಲಿ ಆಕೆಯ ಪಕ್ಕ ಕೂತು ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ, ಆಕೆ ಕಿಟಕಿಯಾಚೆ ನೋಡುತ್ತಿದ್ದಳು. ನಾವು ಮುಟ್ಟುವಾಗ ಗಿರಣಿಯ ಕಟ್ಟೆಯ ಮೇಲೆ ಜೋಳದ ಡಬ್ಬಿಗಳು ಸಾಲಾಗಿ ಕೂತಿದ್ದವು, ಹೆಂಗಸರು ನೆರಳಿಗೆ ಸರಿದು ನಿಂತಿದ್ದರು. ನಾನು ಎಲ್ಲ ವಿವರಿಸಿದೆ. ಪಟ್ಟಿ, ಪುಟ, ವಾರ್ನಿಶ್, ನನ್ನ ಅವಸರ. ಒಬ್ಬ ಮುದುಕಿ ಸೆರಗು ಸರಿಮಾಡಿಕೊಂಡು, ಮಾತಂತೂ ನುಣ್ಣಗ ಬೀಸ್ತಾಳವ್ವಾ ಈಕಿ, ಈಕಿನ್ನೇ ಗಿರಣಿಗಿ ಹಚ್ರಿ ಅಂದಳು. ಎಲ್ಲರೂ ನಕ್ಕರು. ಗಿರಣಿಯವಳೂ ನಕ್ಕಳು. ನಾಲ್ಕು ದಿನಕ್ಕೆ ಮೊದಲ ಸಲ ಅಂತ ಆಕೆಯೇ ಆಮೇಲೆ ಹೇಳಿದಳು.

ನಕ್ಕರು ಅಂತ ಎಲ್ಲರೂ ಉಳಿಯಲಿಲ್ಲ. ಮನೆಯಲ್ಲಿ ಹಿಟ್ಟಿಲ್ಲದವರು ಡಬ್ಬಿ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಮುದುಕಿ ತನ್ನ ಡಬ್ಬಿಯನ್ನು ಬಾಗಿಲ ಒಳಗೆ ತಳ್ಳಿ ಹೋದಳು. ಅವಳನ್ನು ನೋಡಿ ಮತ್ತಷ್ಟು ಮಂದಿ ಹಾಗೇ ಮಾಡಿದರು.

ಮರುದಿನ ಮೋಟಾರಿನ ಜೊತೆ ಉಸ್ತಾದರೇ ಹೋಗಿ ಕೂಡಿಸಿ ಬಂದರು. ಮಾಲೀಕರು ನನ್ನನ್ನು ಬೈಯಲಿಲ್ಲ, ಹಳೇದೇ ಇರ್ಲಿ ಅಂತಲೂ ಅನ್ನಲಿಲ್ಲ. ನಾನು ಒಂದು ವಾರ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕೂತೆ. ಸುತ್ತಿದ್ದು, ವಾರ್ನಿಶ್ ಹಚ್ಚಿದ್ದು, ಬಿಸಿಲಿಗಿಟ್ಟದ್ದು, ಕರೆಂಟು ಕೊಟ್ಟು ಸದ್ದು ಕೇಳಿದ್ದು, ಎಲ್ಲವನ್ನೂ ಉಸ್ತಾದರು ಹೇಳಿದ ಹಾಗೆ ಸಾಫ್ಟ್‌ವೇರಿನಲ್ಲಿ ಬೇರೆಬೇರೆ ಇಟ್ಟೆ. ಸದ್ದು ಕೇಳಿದ ಮೇಲಷ್ಟೇ ಪುಟದಲ್ಲಿ ರೆಡಿ ಅಂತ ಬರುವಂತೆ ಮಾಡಿದೆ.

ತಿಂಗಳು ಕಳೆದು ಶಾಖೆಯ ಕೆಲಸಕ್ಕೆ ಕಮಲಾಪುರಕ್ಕೆ ಹೋದಾಗ ಗಿರಣಿಯ ಕಡೆ ಹೋದೆ. ಸದ್ದಿನಲ್ಲಿ ಕೂಗಿಯೇ ಕೇಳಬೇಕಾಯಿತು, ಹೋದವರೆಲ್ಲ ತಿರುಗಿ ಬಂದರೇನು ಅಂತ.

"ಮೂರು ಮನಿಯವರು ಬರ್ಲಿಲ್ಲ," ಅಂದಳು, ಜೋಳ ಸುರಿಯುತ್ತಲೇ.

ಅವರ ಮನೆಗಳು ಹೊಸ ಗಿರಣಿಗೇ ಹತ್ತಿರವಿರಬಹುದು, ಇವತ್ತಲ್ಲ ನಾಳೆ ಹೇಗೂ ಹೋಗುವವರೇ ಇರಬಹುದು. ಉತ್ತರ ನಾಲಿಗೆಯ ತನಕ ಬಂತು. ಆಕೆ ಮುಂದಿನ ಡಬ್ಬಿಗೆ ಕೈ ಚಾಚಿದಳು. ನಾನು ಎತ್ತಿ ಕೊಟ್ಟೆ.