ಕಡಲಚೇಳು ಕುಟುಕಿದ ಬೇಸಿಗೆ

ಜೀವನ್ ಬಿಮಾ ನಗರದ ಮನೆಗಳ ಮೇಲೆ ವಿಮಾನಗಳು ತೀರಾ ತಗ್ಗಿನಲ್ಲಿ ಹಾರುತ್ತಿದ್ದ ಕಾಲವದು. ಒಂದೊಂದು ಹಾರಿದಾಗಲೂ ಬಾಯಿ ಮುಚ್ಚಿ, ಸದ್ದು ಅಡಗಿದ ಮೇಲೆ ಜಗಳವನ್ನು ಬಿಟ್ಟಲ್ಲಿಂದಲೇ ಮುಂದುವರಿಸುವುದು ನಮಗೆ ರೂಢಿಯಾಗಿತ್ತು. ಆ ಬೇಸಿಗೆ ರಜೆಯಲ್ಲಿ ಜಗಳಕ್ಕೆ ಕೊರತೆಯೂ ಇರಲಿಲ್ಲ.

ನನ್ನ ತರಗತಿಯ ವಿನಯನಿಗೆ ಅವನ ಸೋದರಮಾವ ವಿದೇಶದಿಂದ ಒಂದು ಆಟ ತಂದುಕೊಟ್ಟಿದ್ದರು. ಒಬ್ಬೊಬ್ಬರೂ ಒಬ್ಬ ವೀರನ ಪಾತ್ರ ವಹಿಸಿ, ಹಲವು ಮುಖಗಳ ದಾಳ ಉರುಳಿಸುತ್ತ, ಕಥೆಯನ್ನು ಬಾಯಲ್ಲೇ ಕಟ್ಟಿಕೊಂಡು ಹೋಗಬೇಕು. ತೀರ್ಪು ವಿನಯನದು. ಸೆಲ್ವಿ ಬಿಲ್ಲುಗಾರ್ತಿ, ಇಮ್ರಾನ್ ಕತ್ತಿವೀರ. ತಡವಾಗಿ ಸೇರಿದ ನನಗೆ ಮಾತ್ರ ಒಂದು ಷರತ್ತು: ಮೊದಲು ರಾಕ್ಷಸ ಪ್ರಾಣಿಯೊಂದನ್ನು ಸೃಷ್ಟಿಸಿ ಆಡಿಸಬೇಕು; ಅದು ಒಬ್ಬ ವೀರನನ್ನಾದರೂ ಕೊಂದರೆ ನನಗೂ ಒಂದು ಪಾತ್ರ ಸಿಗುತ್ತದೆ. ಕುದುರೆಯೇರಿದ ರಾಣಿಯಾಗಬೇಕೆಂದು ನಾನು ಆಗಲೇ ತೀರ್ಮಾನಿಸಿದ್ದೆ.

ಕಥೆ ಸಮುದ್ರದಲ್ಲಿ ನಡೆಯುತ್ತಿತ್ತು. ನಾನು ಸಮುದ್ರ ನೋಡಿರಲಿಲ್ಲ. ಕಲಬುರಗಿ ಕಡೆಯ ನಮ್ಮೂರಿನಲ್ಲಿ ಕಲ್ಲುಚಪ್ಪಡಿ ಎತ್ತಿದರೆ ಕಾಣುವ ಚೇಳನ್ನೇ ನೀರಿನ ಟ್ಯಾಂಕರಿನಷ್ಟು ದೊಡ್ಡದು ಮಾಡಿ, ಕೊಂಡಿಯಲ್ಲಿ ಕೊಡಗಟ್ಟಲೆ ವಿಷ ತುಂಬಿ, ಕಡಲಚೇಳು ಎಂದು ಹೆಸರಿಟ್ಟೆ. ವಿನಯನ ಮನೆಯ ತಾರಸಿಯಲ್ಲಿ, ಅವನ ತಾಯಿ ಒಣಹಾಕಿದ್ದ ಸಂಡಿಗೆಯ ಹುಳಿವಾಸನೆಯ ನಡುವೆ ಆಟ ಶುರುವಾಯಿತು. ಇಮ್ರಾನನ ಕತ್ತಿವೀರ ಕಿರುಚುತ್ತ ಹಡಗಿನಿಂದ ನೀರಿಗೆ ಹಾರಿದ. ದಾಳ ನನ್ನ ಪರವಾಗಿ ಬಿತ್ತು. ಚೇಳು ಕುಟುಕಿತು.

“ಏನೂ ಆಗಲ್ಲ. ನಮ್ ನಾನಿ ಮಂತ್ರಿಸಿ ಊದ್ತಾರೆ, ವಿಷ ಇಳಿಯುತ್ತೆ,” ಎಂದ ಇಮ್ರಾನ್.

“ನಿಮ್ ನಾನಿ ಹಡಗಲ್ಲಿ ಏನೋ ಮಾಡ್ತಿದಾರೆ?” ಎಂದೆ ನಾನು.

“ಅವರನ್ನ ಬಿಟ್ಟು ನಾನ್ ಎಲ್ಲಿಗೂ ಹೋಗಲ್ಲ ಯಾರ್. ಮೇಲಿಂದ ಬಗ್ಗಿ ಊದ್ತಾರೆ.”

“ನಮ್ ಪಾಟೀನೂ ಬಂದಿದಾರೆ. ಬೇವಿನ್ ಸೊಪ್ಪು ಹಿಡ್ಕೊಂಡು,” ಎಂದಳು ಸೆಲ್ವಿ.

ವಿನಯ ತಲೆ ಕೆರೆದುಕೊಂಡ. “ಇಬ್ರಿಬ್ರು ಅಜ್ಜೀರು ಅಂದ್ರೆ... ಇಳೀತು ಬಿಡು ಮಗಾ.”

ಮತ್ತೆ ಕುಟುಕಿದೆ, ಅಜ್ಜಿಯರು ಮತ್ತೆ ಇಳಿಸಿದರು. ಅಷ್ಟು ದೊಡ್ಡ ಪ್ರಾಣಿಗೆ ಸೊಳ್ಳೆಗಿರುವ ಮರ್ಯಾದೆಯೂ ಉಳಿಯಲಿಲ್ಲ. ಆ ಮನೆಯಲ್ಲಿ ಬೆಂಗಳೂರಿನವರಂತೆ ಮಾತನಾಡಲು ನಾನು ಬಹಳ ಎಚ್ಚರ ವಹಿಸುತ್ತಿದ್ದೆ. ಆ ಕ್ಷಣ ಎಲ್ಲವೂ ಕಳಚಿಬಿತ್ತು.

“ನಮ್ಮೂರಾಗೂ ಚೇಳಿನ ಮಂತ್ರ ಹಾಕ್ತಾರ! ಹಾಕಿಸ್ಕೊಂಡವ್ರು ಅವತ್ತು ಉಪ್ಪು ಮುಟ್ಟಂಗಿಲ್ಲ, ಪಥ್ಯ! ಮುಟ್ಟಿದ್ರ ವಿಷ ತಿರುಗಿ ಏರ್ತದ. ಇವ ಎಲ್ಲಿ ಅದಾನ? ಸಮುದ್ರದಾಗ!”

ಯಾರೂ ನಗಲಿಲ್ಲ. “ನಮ್ ಪಾಟೀನೂ ಉಪ್ಪು ತಿನ್ಬೇಡ ಅಂತಾರೆ,” ಎಂದಳು ಸೆಲ್ವಿ, ಮೆಲ್ಲಗೆ.

“ನಾನ್ ಬಾಯಿ ಮುಚ್ಕೊಂಡಿದ್ದೆ,” ಎಂದ ಇಮ್ರಾನ್.

“ಬಿದ್ದಾಗಿಂದ ಕಿರುಚ್ತಾನೇ ಇದೀಯಲ್ಲ ಗುರು,” ಎಂದ ವಿನಯ. “ನೀನು ಸತ್ತೆ.”

ಇಮ್ರಾನ್ ದುಡುದುಡು ಮೆಟ್ಟಿಲಿಳಿದು ಹೋದ. ಮರುದಿನ, ನನಗಿದ್ದ ಅದೇ ಷರತ್ತಿನ ಮೇಲೆ ಹೊಸ ರಾಕ್ಷಸನೊಂದಿಗೆ ಬಂದು, ಮೊದಲ ಸುತ್ತಿನಲ್ಲೇ ನನ್ನ ರಾಣಿಯನ್ನು ಕಚ್ಚಿಸಿದ. ನಾನು “ನಮ್ಮಜ್ಜಿ...” ಎಂದು ಬಾಯಿ ತೆರೆದದ್ದೇ ತಡ, ಮೂವರೂ ತಲೆ ಚಚ್ಚಿಕೊಂಡರು.

ಈಗ ನಾನು ಭಾನುವಾರಗಳಂದು ಇಂದಿರಾನಗರದ ಕಾಫಿ ಅಂಗಡಿಯೊಂದರಲ್ಲಿ ಅಪರಿಚಿತರ ಜೊತೆ ಅದೇ ಆಟ ಆಡುತ್ತೇನೆ. ಪ್ರತಿಯೊಂದು ವಿಷಕ್ಕೂ ಅಚ್ಚಾದ ನಿಯಮವಿದೆ. ಕುಟುಕಿಸಿಕೊಂಡವರು ದಾಳ ನೋಡಿ, “ಓಕೆ” ಎಂದು ಶಿಸ್ತಿನಿಂದ ಸತ್ತು, ಮೊಬೈಲ್ ತೆರೆಯುತ್ತಾರೆ. ಆ ಶಿಸ್ತನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರ ಅಜ್ಜಿಯೂ ಹಡಗು ಹತ್ತುವುದಿಲ್ಲ.