ಅಮಾಸಿ ದಿನದ ತಪಾಸಣೆ

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ಯಜಮಾನರು ಗದಗಿನ ಬ್ಯಾಂಕ್ ಶಾಖೆಗೆ ಮ್ಯಾನೇಜರಾಗಿ ಬಂದ ಎರಡನೇ ವರ್ಷ, ಬೆಟಗೇರಿಯ ಒಂಬತ್ತು ನೇಕಾರ ಹೆಂಗಸರಿಗೆ ಅವರವರ ಹೆಸರಿನಲ್ಲೇ ಮಗ್ಗಕ್ಕೆ ಸಾಲ ಕೊಟ್ಟರು. ಅಲ್ಲಿಯತನಕ ಆ ಓಣಿಯವರು ಸಾಹುಕಾರ ಕೊಟ್ಟ ನೂಲನ್ನು, ಅವನದೇ ಮಗ್ಗದಲ್ಲಿ, ಅವನು ಹೇಳಿದ ಕೂಲಿಗೆ ನೇಯುತ್ತಿದ್ದರು. ಹೊಲವಿಲ್ಲ, ಜಾಮೀನಿಲ್ಲ. ‘ಹೆಬ್ಬೆಟ್ಟಿನ ಮ್ಯಾಲ ಬ್ಯಾಂಕ್ ನಡಸ್ತಾನ’ ಎಂದು ಇವರ ಜೊತೆಯವರೇ ನಗುತ್ತಿದ್ದರು. ಇನ್ನೂ ಇಪ್ಪತ್ತು ಹೆಂಗಸರ ಅರ್ಜಿಗಳು ಮೇಲಿನ ಕಚೇರಿಯಲ್ಲಿ ಬಿದ್ದಿದ್ದವು. ತಪಾಸಣೆಗೆ ಬರುವ ಅಧಿಕಾರಿ, ಈ ಒಂಬತ್ತು ಮಗ್ಗಗಳು ನಡೆಯುತ್ತಿವೆ ಎಂದು ಬರೆದರೆ ಅವು ಮಂಜೂರು. ಇಲ್ಲವಾದರೆ ಇವರ ಕೆಲಸವೆಲ್ಲ ಅಲ್ಲಿಗೇ ಮುಗಿದಂತೆ.

ಆ ಅಧಿಕಾರಿ ನಮ್ಮ ಮನೆಗೆ ಬಂದಾಗ ಇವರು ಎಮ್ಮೆ ಸಾಲದ ಕೆಲಸಕ್ಕೆಂದು ಕೊರ್ಲಹಳ್ಳಿಗೆ ಹೋಗಿದ್ದರು. ಅಧಿಕಾರಿ ಮಂಗಳೂರು ಕಡೆಯವರು, ಇಸ್ತ್ರಿ ಮುರಿಯದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಚಹದ ಕಪ್ಪನ್ನು ಸದ್ದಾಗದಂತೆ ಇಟ್ಟು, “ಲಕ್ಷ್ಮೇಶ್ವರ, ಶಿರಹಟ್ಟಿ ಮುಗಿಸಿ ಬರುತ್ತೇನೆ. ಬೆಟಗೇರಿಗೆ ಬುಧವಾರವೋ, ಗುರುವಾರವೋ?” ಎಂದರು. ನಾನು ಗೋಡೆಯ ಇಂಗ್ಲಿಷ್ ಕ್ಯಾಲೆಂಡರ್ ನೋಡಿದೆ. ಕಾನ್ವೆಂಟಿನಲ್ಲಿ ಓದಿದವಳು, ತಿಥಿ ನೋಡುವ ಕೆಲಸ ಅತ್ತೆಯವರದೆಂದು ಬಿಟ್ಟಿದ್ದೆ. ಬುಧವಾರ ಇವರಿಗೆ ಮೀಟಿಂಗ್ ಇತ್ತು. “ಗುರುವಾರ ಬರ್ರಿ” ಎಂದೆ. ಬರೆದುಕೊಂಡರು.

ಸೋಮವಾರ, ಸಾಲ ಪಡೆದವರಲ್ಲಿ ಹಿರಿಯಳಾದ ಹೆಂಗಸು ತಾನು ನೇಯ್ದ ಸೀರೆ ತೋರಿಸಲು ಬಂದಳು. ಗುರುವಾರದ ಸುದ್ದಿ ಹೇಳಿದೆ. ಅಂಚು ಸವರುತ್ತಿದ್ದ ಆಕೆಯ ಕೈ ನಿಂತಿತು.

“ಅವತ್ತ ಅಮಾಸಿ ಅಲ್ರಿ ಬಾಯಾರ! ಓಣ್ಯಾಗ ಒಂದ ಲಾಳಿನೂ ಆಡಂಗಿಲ್ಲ. ಮಗ್ಗಕ್ಕ ಪೂಜಿ, ನೂಲ ಮುಟ್ಟಂಗಿಲ್ಲ.”

ದಿನ ಬದಲಿಸೋಣವೆಂದರೆ ಅಧಿಕಾರಿ ಅಷ್ಟರಲ್ಲಿ ಯಾವ ಊರಲ್ಲಿದ್ದರೋ. “ಒಂದ ತಾಸು ನಡಸಾಕ ಆಗೂದಿಲ್ಲೇನ್ರಿ ಅಕ್ಕಾರ? ಸಾಹೇಬ್ರು ಹೋಗೂತನಕ ಅಷ್ಟ?” ಬಾಯಿಂದ ಬಂದುಬಿಟ್ಟಿತು. ಆಕೆ ಸೀರೆಯನ್ನು ಹಳೆಯ ಮಡಿಕೆಯ ಮೇಲೇ ಮಡಚಿದಳು. “ನೋಡೂಣ್ರಿ” ಎಂದಷ್ಟೇ ಅಂದಳು.

ರಾತ್ರಿ ಯಜಮಾನರು ಬಂದಾಗ ದಿನ ತಪ್ಪಿದ್ದನ್ನು ಹೇಳಿದೆ; ಆಕೆಯನ್ನು ಬೇಡಿಕೊಂಡದ್ದನ್ನು ಹೇಳಲಿಲ್ಲ. “ಖರೇ ಏನೈತಿ ಅದನ್ನ ಹೇಳೂದು. ಅವ್ರು ನಂಬಬೇಕಲ್ಲ” ಎಂದು ತಟ್ಟೆಯನ್ನು ಅರ್ಧಕ್ಕೇ ಸರಿಸಿದರು.

ಗುರುವಾರ ನನ್ನನ್ನೂ ಕರೆದೊಯ್ದರು, ನಾನಿದ್ದರೆ ಹೆಂಗಸರು ಬಾಯಿ ಬಿಡುತ್ತಾರೆಂದು. ದಿನವಿಡೀ ಲಟಪಟ ಎನ್ನುವ ಓಣಿಯಲ್ಲಿ ಅಂದು ಆಡು ಮೆಲುಕು ಹಾಕುವುದೂ ಕೇಳುತ್ತಿತ್ತು. ಮಗ್ಗಗಳಿಗೆ ಕುಂಕುಮ ಹಚ್ಚಿ ಹೂ ಏರಿಸಿದ್ದರು. ಅಧಿಕಾರಿ ಮನೆಮನೆ ನೋಡಿ ಬರೆದುಕೊಳ್ಳುತ್ತ ಕೊನೆಗೆ ಹಿರಿಯಳ ಮನೆಗೆ ಬಂದರು.

“ಒಂಬತ್ತೂ ನಿಂತಿವೆಯಲ್ಲ ಮ್ಯಾನೇಜರೇ?”

“ಇವತ್ತ ಅಮಾವಾಸ್ಯೆ ಸರ್” ಎಂದರು ಇವರು.

“ಸಾಲ ಮುಳುಗಿದ ಕಡೆಯೆಲ್ಲ ಇಂಥದ್ದೊಂದು ಕಾರಣ ಕೇಳಿದ್ದೇನೆ.”

ಹಿರಿಯಳು ನನ್ನತ್ತ ನೋಡಿದಳು. ಸೆರಗು ಸಿಕ್ಕಿಸಿಕೊಂಡು, ನೇಯುವಾಗ ಕಾಲಿಡುವ ಮಗ್ಗದ ಕುಣಿಯ ಅಂಚಿಗೆ ಕೂತು, ಒಂದು ಕಾಲು ಒಳಗೆ ಇಳಿಬಿಟ್ಟಳು. ಒಳಗಿನಿಂದ ಅವಳ ಸೊಸೆ “ಅತ್ತೀ!” ಎಂದು ಚೀರಿದಳು.

“ಬ್ಯಾಡ್ರಿ ಅಕ್ಕಾರ, ಏಳ್ರಿ!” ನನ್ನ ದನಿ ನನಗೇ ಜೋರಾಗಿ ಕೇಳಿತು. ಅಧಿಕಾರಿಯತ್ತ ತಿರುಗಿದೆ. “ತಪ್ಪು ನಂದ್ರಿ ಸರ್. ದಿನ ಗೊತ್ತ ಮಾಡಿದಾಕಿ ನಾನು. ಇವತ್ತ ಮಗ್ಗ ನಡಸ್ರಿ ಅಂತ ಈ ಅಕ್ಕಾರನ್ನ ಬೇಡ್ಕೊಂಡಾಕೀನೂ ನಾನ.” ಯಜಮಾನರ ಮುಖ ನೋಡುವ ಧೈರ್ಯವಾಗಲಿಲ್ಲ.

ಹಿರಿಯಳು ಕಾಲು ಮೇಲೆಳೆದುಕೊಂಡಳು. “ರವಿವಾರ ನಿಮ್ಮ ಬ್ಯಾಂಕಿಗೆ ಕೀಲಿ ಹಾಕ್ತೀರಿ. ಬ್ಯಾಂಕ್ ಮುಳುಗ್ತು ಅಂತ ನಾವೇನರ ಬೊಬ್ಬಿ ಹೊಡದೇವೇನ್ರಿ ಸಾಹೇಬ್ರ?”

ಅಧಿಕಾರಿ ನಗಲಿಲ್ಲ. “ನಾಳೆ ಎಷ್ಟು ಹೊತ್ತಿಗೆ ಶುರು?” ಎಂದು ಕೇಳಿದರು.

“ಕೋಳಿ ಕೂಗಿದ ಮ್ಯಾಲ ನಾವ್ ಮಕ್ಕೊಳ್ಳಂಗಿಲ್ರಿ.”

ಪೆನ್ನು ಜೇಬಿಗಿಟ್ಟು ಟಾಂಗಾ ಹತ್ತಿದರು. ಉಳಿಯುತ್ತಾರೋ, ನಾಲ್ಕರ ಬಸ್ಸು ಹಿಡಿಯುತ್ತಾರೋ ಹೇಳಲಿಲ್ಲ.

ಮನೆಗೆ ಬರುವಾಗ ಇವರು ಆಡಿದ್ದು ಒಂದೇ ಮಾತು: “ಸಾಲ ಕೊಟ್ಟೀವಂತ ಅವರ ಅಮಾಸಿನೂ ನಮ್ದಾತೇನು?”

ಮರುದಿನ ಅಧಿಕಾರಿ ಒಬ್ಬರೇ ಓಣಿಗೆ ಹೋಗಿದ್ದರಂತೆ. ಪ್ರತಿ ಬಾಗಿಲಲ್ಲೂ ನಿಂತು ನೋಡಿ, ಮಾತಿಲ್ಲದೆ ಹೊರಟುಹೋದರಂತೆ. ಏನು ಬರೆದರೆಂದು ಏಳು ವಾರ ತಿಳಿಯಲಿಲ್ಲ. ಇವರು ಮಧ್ಯಾಹ್ನ ಊಟಕ್ಕೆ ಬಂದರೆ ನಾನು ಕೇಳುತ್ತಿರಲಿಲ್ಲ. ಚಪ್ಪಲಿ ಬಿಡುವ ಸದ್ದಿನಲ್ಲೇ ಉತ್ತರ ಹುಡುಕುತ್ತಿದ್ದೆ.

ಇಪ್ಪತ್ತರಲ್ಲಿ ಹದಿನಾರು ಅರ್ಜಿ ಮಂಜೂರಾದವು. ಉಳಿದ ನಾಲ್ಕನ್ನು ಏಕೆ ತಳ್ಳಿಹಾಕಿದರೆಂದು ಕಾಗದದಲ್ಲಿ ಬರೆದಿರಲಿಲ್ಲ. ತಿಳಿಸಲು ನಾನೇ ಬೆಟಗೇರಿಗೆ ಹೋದೆ. ಹಿರಿಯಳು ಲಾಳಿ ನಿಲ್ಲಿಸಿ ಪೂರ್ತಿ ಕೇಳಿದಳು.

“ಉಳದ ನಾಕ ಮಂದೀದು ಏನ್ರಿ ಬಾಯಾರ?”

“ನಮ್ಮವರು ಮತ್ತ ಬರದ ಕಳಸ್ತಾರಂತ್ರಿ” ಎಂದೆ.

ಇವರು ಹಾಗೆಂದು ಹೇಳಿರಲಿಲ್ಲ. ಅದನ್ನು ಇವರ ಮುಂದೆ ಹೇಗೆ ಎತ್ತಲಿ ಎಂದು ಮನೆಯವರೆಗೂ ಮಾತು ಜೋಡಿಸುತ್ತ ನಡೆದೆ.