ಅತ್ತೆ ಜೊತೆ ಕ್ಯಾಬಿನೆಟ್ ಆರಿಸಿದ್ದು

ನನ್ನ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಾಗ ಗೇಮಿನ ಹುಡುಗಿ ಹಿಮದ ಸೇತುವೆಯ ಮಧ್ಯೆ ಕುದುರೆಯ ಮೇಲಿದ್ದಳು. ಕುದುರೆ ಮುಂಗಾಲು ಎತ್ತಿತು, ಪರದೆ ಹಾಗೇ ನಿಂತುಬಿಟ್ಟಿತು. ಒಳಗಿನ ಫ್ಯಾನ್ ಒಂದಿಷ್ಟು ಹೊತ್ತು ಕಿರುಗುಟ್ಟಿ ಸುಮ್ಮನಾಯಿತು, ಆಮೇಲೆ ಎಲ್ಲ ಕಪ್ಪು. ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅತ್ತೆ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು.

"ಬಿದ್ಲಾ?"

"ಇಲ್ಲ ಅತ್ತೆ. ಲ್ಯಾಪ್‌ಟಾಪೇ ಹೋಯ್ತು."

"ಹಂಗಾದ್ರೆ ಅವ್ಳ್ ಗತಿ ಏನು?"

ನನಗೆ ನಗು ಬಂತು. ನಾನು ನಕ್ಕು ಆಗಲೇ ಬಹಳ ದಿನವಾಗಿತ್ತು. ಅತ್ತೆ ಮಾತ್ರ ನಗಲಿಲ್ಲ. ಅವರಿಗೆ ಅದು ನಿಜವಾದ ಚಿಂತೆಯಾಗಿತ್ತು.

ನಮ್ಮದು ಗುಬ್ಬಿಯಲ್ಲಿ ಕೊಬ್ಬರಿ ಮಂಡಿ. ಕೆಳಗೆ ಮಂಡಿ, ಮೇಲೆ ಮನೆ. ಮಾವ ತೀರಿಕೊಂಡ ಮೇಲೆ ವ್ಯಾಪಾರ ನೋಡಿಕೊಳ್ಳುವವರು ನನ್ನ ಗಂಡ. ನಾನು ಮಹಡಿಯ ಕೋಣೆಯಲ್ಲಿ ಕೂತು ಊರಿನ ನಾಲ್ಕಾರು ವ್ಯಾಪಾರಿಗಳ ತೆರಿಗೆ ಕೆಲಸ ಮಾಡಿಕೊಡುತ್ತೇನೆ. ಕೆಲಸ ಮುಗಿದ ಮೇಲೆ ಅದೇ ಲ್ಯಾಪ್‌ಟಾಪಿನಲ್ಲಿ ಗೇಮ್ ಆಡುವುದು ಮದುವೆಗೆ ಮುಂಚಿನಿಂದಲೂ ಇದ್ದ ಚಟ. ಮದುವೆಯಾದ ಹೊಸತರಲ್ಲಿ ಬಾಗಿಲು ಮುಂದೆ ಮಾಡಿಕೊಂಡು, ಸದ್ದು ಕಮ್ಮಿ ಇಟ್ಟುಕೊಂಡು ಆಡುತ್ತಿದ್ದೆ. ಯಾರೂ ಬೈದವರಿಲ್ಲ. ಸೊಸೆ ಕಂಪ್ಯೂಟರ್ ಮುಂದೆ ಕೂತಿದ್ದರೆ ಕೆಲಸ ಮಾಡುತ್ತಿದ್ದಾಳೆ ಎಂದೇ ಮನೆಯವರು ತಿಳಿದಿದ್ದರು.

ಹೋದ ವರ್ಷ ನನ್ನ ಹೊಟ್ಟೆಯಲ್ಲಿದ್ದ ಕೂಸು ಐದನೇ ತಿಂಗಳಲ್ಲಿ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ನಾನು ಆ ಕೋಣೆ ಬಿಟ್ಟು ಹೊರಗೆ ಬರುವುದನ್ನೇ ಕಡಿಮೆ ಮಾಡಿದೆ. ನೋಡಲು ಬಂದವರು ಆಡುವ ಮಾತು ಕೇಳುವ ಶಕ್ತಿ ಇರಲಿಲ್ಲ. ಗೇಮಿನಲ್ಲಿ ಒಬ್ಬಳು ಹುಡುಗಿ ಕಳೆದುಹೋದ ತಮ್ಮನನ್ನು ಹುಡುಕಿಕೊಂಡು ಹಿಮದ ಸೀಮೆಯಲ್ಲಿ ಕುದುರೆ ಮೇಲೆ ಅಲೆಯುತ್ತಾಳೆ. ನಾನೂ ಬೆಳಗಿಂದ ಸಂಜೆಯವರೆಗೆ ಅವಳ ಜೊತೆ ಅಲೆಯುತ್ತಿದ್ದೆ. ನನ್ನ ಗಂಡ ಬಾಗಿಲವರೆಗೆ ಬಂದು, ಏನು ಹೇಳಬೇಕೋ ತಿಳಿಯದೆ, ಊಟಕ್ಕೆ ಕರೆದು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ಎಲೆಅಡಿಕೆ ತಟ್ಟೆ ಸಮೇತ ಒಳಗೆ ಬಂದರು. ಈಗ ಬೈಗುಳವೋ ಬುದ್ಧಿಮಾತೋ ಬರುತ್ತದೆ ಎಂದು ಕಾದೆ. ಅವರು ಕುರ್ಚಿ ಎಳೆದು ಕೂತರು, ಎಲೆಗೆ ಸುಣ್ಣ ಹಚ್ಚಿದರು, ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದರು.

"ಯಾರು ಆ ಹುಡ್ಗಿ? ಅಂಥಾ ಚಳೀಲಿ ಒಬ್ಳೇ ಎಲ್ಲಿಗ್ ಹೊಂಟವ್ಳೆ?"

ನಾನು ಕಥೆ ಹೇಳಿದೆ. ಅವರು ಕೇಳಿದರು. ಮಾರನೇ ದಿನವೂ ಬಂದರು, ಅದರ ಮಾರನೇ ದಿನವೂ ಬಂದರು. "ಕುದ್ರೆಗೆ ನೀರ್ ಕುಡ್ಸು", "ಆ ಮುದುಕನ್ನ ನಂಬ್ಬೇಡ, ಅವ್ನ ಕಣ್ಣ್ ನೋಡು" ಎಂದೆಲ್ಲ ಹೇಳತೊಡಗಿದರು. ಮುದುಕ ನಿಜಕ್ಕೂ ಮೋಸಗಾರನಾಗಿದ್ದ. ನನ್ನ ವಿಷಯ ಮಾತ್ರ ಅವರು ಒಂದು ದಿನವೂ ಎತ್ತಲಿಲ್ಲ. ಎಷ್ಟೋ ದಿನ ನಾವಿಬ್ಬರೂ ಆಡಿದ ಮಾತೆಲ್ಲ ಆ ಹುಡುಗಿಯ ಬಗ್ಗೆಯೇ. ಅಷ್ಟರಿಂದಲೇ ನನಗೆ ಮತ್ತೆ ಹಸಿವಾಗತೊಡಗಿತು, ನಿದ್ದೆ ಬರತೊಡಗಿತು. ಹೇಗೆ ಎಂದು ಕೇಳಿದರೆ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ.

ಹಾಗಿರುವಾಗ ಲ್ಯಾಪ್‌ಟಾಪ್ ಸತ್ತಿತು. ತಿರುಪು ಬಿಚ್ಚಿ ನೋಡಿದರೆ ಒಳಗೆಲ್ಲ ತೆಂಗಿನ ನಾರಿನ ನುಣ್ಣನೆಯ ದೂಳು, ಬೆಂದ ವಾಸನೆ. ಕೆಳಗೆ ಮಂಡಿಯಲ್ಲಿ ಕಾಯಿ ಸುಲಿದಾಗಲೆಲ್ಲ ಮೇಲೆ ಬರುತ್ತಿದ್ದ ದೂಳು ಅದು.

"ಇನ್ನೊಂದ್ ತಗೊಂಬಿಡು, ನಿನ್ ಕೆಲ್ಸಕ್ಕೂ ಬೇಕಲ್ಲ" ಎಂದರು ಗಂಡ.

"ಅಂಥದ್ದೇ ತಂದ್ರೆ ಅದೂ ಹಿಂಗೇ ಸಾಯ್ತದೆ" ಎಂದರು ಅತ್ತೆ. "ದೂಳಿಗೆ, ಬಿಸೀಗೆ ತಡ್ಕೊಳ್ಳೋದು ಯಾವ್ದೂ ಇಲ್ವಾ?"

ಇದೆ ಎಂದೆ. ಬಿಡಿ ಭಾಗಗಳನ್ನು ನಾವೇ ಆರಿಸಿ ಜೋಡಿಸುವ ಗೇಮಿಂಗ್ ಕಂಪ್ಯೂಟರಿನ ಕನಸು ನನಗೆ ಕಾಲೇಜಿನ ದಿನಗಳಿಂದ ಇತ್ತು. ನನ್ನ ಸಂಪಾದನೆಯ ಉಳಿತಾಯವೂ ಇತ್ತು. ಇಲ್ಲದಿದ್ದದ್ದು ಧೈರ್ಯ. ಇಷ್ಟು ವಯಸ್ಸಿನವಳು ಆಟಕ್ಕೆಂದು ಕಂಪ್ಯೂಟರ್ ಕೊಂಡಳಂತೆ ಎಂಬ ಮಾತಿಗೆ ಅಂಜುತ್ತಿದ್ದೆ.

"ಯಾವಾಗ್ ಹೋಗಣ ತುಮ್ಕೂರ್ಗೆ?" ಎಂದರು ಅತ್ತೆ.

ಬಿ.ಎಚ್. ರಸ್ತೆಯ ಹಿಂದಿನ ಬೀದಿಯಲ್ಲಿ ಒಂದು ಕಂಪ್ಯೂಟರ್ ಅಂಗಡಿ. ಮಾಲೀಕರು ನಡುವಯಸ್ಸಿನವರು, ಸಮಾಧಾನದ ಮನುಷ್ಯ. ವಿಭೂತಿ ಹಚ್ಚಿಕೊಂಡು, ಸೆರಗು ಹೊದ್ದು ಬಂದ ಅತ್ತೆಯನ್ನು ನೋಡಿ ಮೊಮ್ಮಗನಿಗೆ ಕಂಪ್ಯೂಟರ್ ಬೇಕೇನೋ ಅಂದುಕೊಂಡರು.

"ಹುಡ್ಗ ಏನ್ ಓದ್ತಾ ಇದಾನೆ ಅಮ್ಮಾ?"

ಹುಡುಗ ಎಂಬ ಮಾತಿಗೆ ನಾನು ಮುಖ ಪಕ್ಕಕ್ಕೆ ತಿರುಗಿಸಿದೆ. ಅತ್ತೆಯ ಮುಖ ಒಂದಿಷ್ಟೂ ಕದಲಲಿಲ್ಲ. "ನಮ್ಗೇ ಕಣಪ್ಪ. ನಾವಿಬ್ರೂ ಆಡ್ತೀವಿ" ಎಂದರು.

ಮಾಲೀಕರು ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಎರಡು ಸ್ಟೂಲ್ ತರಿಸಿ ಕೂರಿಸಿದರು.

ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್ ಎಲ್ಲ ನಾನು ಮೊದಲೇ ಯೋಚಿಸಿ ಇಟ್ಟಿದ್ದೆ. ಗುಬ್ಬಿಯಲ್ಲಿ ಕರೆಂಟ್ ಹೋಗಿ ಬರುವ ರೀತಿ ಗೊತ್ತಿದ್ದದ್ದರಿಂದ ಪವರ್ ಸಪ್ಲೈ ಒಳ್ಳೆಯದೇ ಇರಲಿ ಎಂದೆ. ಪರದೆಗೆ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡ್ ಮಾತ್ರ ನನಗೆ ಬೇಕಾದದ್ದು ಅಲ್ಲಿರಲಿಲ್ಲ, ಬೆಂಗಳೂರಿಂದ ತರಿಸಬೇಕಿತ್ತು. ಅದನ್ನು ತರಿಸಲು ಹೇಳಿ, ಎಲ್ಲವನ್ನೂ ಒಳಗಿಡುವ ಪೆಟ್ಟಿಗೆ, ಅಂದರೆ ಕ್ಯಾಬಿನೆಟ್ ನೋಡಲು ಎದ್ದೆವು.

ಗೋಡೆಯುದ್ದಕ್ಕೂ ಕ್ಯಾಬಿನೆಟ್‌ಗಳು. ಒಂದರಲ್ಲಿ ಬಣ್ಣಬಣ್ಣದ ದೀಪ ಸುತ್ತುತ್ತಿತ್ತು. "ಮದ್ವೆ ಮನೆ ಸೀರಿಯಲ್ ಸೆಟ್ ಇದ್ದಂಗೈತೆ, ಬ್ಯಾಡ" ಎಂದರು ಅತ್ತೆ. ಮುಂದೆ ಪೂರ್ತಿ ಗಾಜಿದ್ದ ಇನ್ನೊಂದನ್ನು ಕಂಡು, "ಇದ್ಕೆ ಗಾಳಿ ಎಲ್ಲಿಂದ ಬತ್ತದೆ?" ಎಂದರು. ಅದೇ ಪ್ರಶ್ನೆ ನನ್ನ ಮನಸ್ಸಿನಲ್ಲೂ ಇತ್ತು. ಆಮೇಲೆ ಅವರ ಕಣ್ಣು ಮೂಲೆಯಲ್ಲಿದ್ದ ಒಂದು ಪುಟ್ಟ ಕ್ಯಾಬಿನೆಟ್ ಮೇಲೆ ನಿಂತಿತು. ಮುಂಭಾಗಕ್ಕೆ ಮರದ ಪಟ್ಟಿ, ಪಟ್ಟಿಗಳ ನಡುವೆ ಗಾಳಿಗೆ ಸಂದು, ಹಿಂದೆ ಬಿಚ್ಚಿ ತೊಳೆಯಬಹುದಾದ ಜಾಲರಿ. ಅತ್ತೆ ಮರದ ಮೇಲೆ ಕೈಯಾಡಿಸಿದರು, ಜಾಲರಿ ಎಳೆದು ನೋಡಿದರು, ಮತ್ತೆ ಹಾಕಿದರು.

"ಇದು ಮನೇಲಿ ಇಡಂಗೈತೆ ಕಣ್ ಮಗಾ."

ನನಗೂ ಇಷ್ಟವಾಯಿತು. ಕಾರ್ಡ್ ಹಿಡಿಸುತ್ತದೆಯೇ ಎಂದು ಕೇಳಿದೆ. ಮಾಲೀಕರು ಕ್ಯಾಬಿನೆಟ್ಟಿನ ಡಬ್ಬಿಯ ಮೇಲಿನ ಅಳತೆ ನೋಡಿ, "ಟೈಟಾಗಿ ಕೂರುತ್ತೆ ಮೇಡಂ" ಎಂದರು.

ಪರದೆಗೆ ಹೊಸದು ಬೇಕಿರಲಿಲ್ಲ. ನನ್ನ ತವರು ಕುಣಿಗಲ್. ಅಪ್ಪ ಅಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದರು. ಎಲ್ಲರ ಕೈಗೂ ಫೋನ್ ಬಂದ ಮೇಲೆ ಅಂಗಡಿ ಮುಚ್ಚಿದರು, ಫೋಟೊ ತಿದ್ದಲೆಂದು ಕೊಂಡಿದ್ದ ಒಳ್ಳೆಯ ದೊಡ್ಡ ಮಾನಿಟರ್ ಮಾತ್ರ ಮನೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ನಾನು ಮೊದಲು ಗೇಮ್ ಆಡಿದ್ದು ಅದೇ ಸ್ಟುಡಿಯೊದ ಹಳೇ ಕಂಪ್ಯೂಟರಿನಲ್ಲಿ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ. "ಹೆಂಗೂ ತುಮ್ಕೂರ್ಗೆ ಬಂದಿದೀವಿ, ಹಂಗೇ ಬೀಗರನ್ನೂ ನೋಡ್ಕೊಂಡ್ ಬರಣ" ಎಂದರು ಅತ್ತೆ. ಕಾರನ್ನು ಕುಣಿಗಲ್ ಕಡೆ ತಿರುಗಿಸಿದೆ.

ಅಪ್ಪನಿಗೆ ಮೊದಲು ವಿಷಯವೇ ಅರ್ಥವಾಗಲಿಲ್ಲ. ಮಗಳು ಗೇಮ್ ಆಡಲು ಕಂಪ್ಯೂಟರ್ ಕಟ್ಟಿಸುತ್ತಿದ್ದಾಳೆ, ಬೀಗಿತ್ತಿ ಜೊತೆಗೆ ಬಂದಿದ್ದಾರೆ. "ಏನ್ ಅಕ್ಕಾರೆ, ನೀವೂ ಇವ್ಳ ಜೊತೆ ಸೇರ್ಕೊಂಡ್ರಾ?" ಎಂದು ನಕ್ಕರು. ಆಮೇಲೆ ಮಾನಿಟರಿನ ಬಟ್ಟೆ ತೆಗೆದು, ಮೆತ್ತನೆಯ ಪಂಚೆಯಲ್ಲಿ ಗಾಜು ಒರೆಸುತ್ತ ಬಹಳ ಹೊತ್ತು ನಿಂತರು. ಕುಣಿಗಲ್ಲಿನ ಎಷ್ಟೋ ಮದುವೆಗಳನ್ನು ಅವರು ಆ ಗಾಜಿನ ಮೇಲೆ ತಿದ್ದಿದ್ದರು.

"ಬಣ್ಣ ಸುಳ್ ಹೇಳಲ್ಲ ಇದು. ಹುಷಾರಾಗ್ ಇಟ್ಕೊ" ಎಂದರು ನನಗೆ. ಅಮ್ಮ ಅದನ್ನು ಎರಡು ರಗ್ಗಿನಲ್ಲಿ ಸುತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು.

ವಾಪಸು ಬರುವಾಗ, ಕೆರೆ ಏರಿ ದಾಟಿದ ಮೇಲೆ, ಅತ್ತೆ ಇದ್ದಕ್ಕಿದ್ದ ಹಾಗೆ ಮಾತು ತೆಗೆದರು.

"ನಿನ್ ಗಂಡ ಹುಟ್ಟೋಕ್ ಮುಂಚೆ ನಂಗೂ ಒಂದ್ ಹೋಗಿತ್ತು."

ನಾನು ರಸ್ತೆಯನ್ನೇ ನೋಡುತ್ತಿದ್ದೆ.

"ಆಗ ಯಾರೂ ಏನೂ ಕೇಳ್ಲಿಲ್ಲ. ಕಾಯ್ ಸುಲ್ಯೋ ಕಾಲ. ಮೂರ್ನಾಕ್ ದಿನಕ್ಕೆ ಎದ್ದು ಆಳುಗಳ್ಗೆ ಮುದ್ದೆ ತಿರುವ್ದೆ. ಅಳಕ್ಕೂ ಒಂದ್ ಜಾಗ ಇರ್ಲಿಲ್ಲ ಕಣ್ ಮಗಾ, ಮನೆ ತುಂಬ ಜನ. ನೀನು ಆ ರೂಮ್ನಾಗೆ ಕೂತಿರದ್ ನೋಡ್ದಾಗ ಅನ್ನುಸ್ತು, ಕೂತ್ಕೊಳ್ಲಿ ಬುಡು, ಇವ್ಳಿಗಾದ್ರೂ ಒಂದ್ ಜಾಗ ಐತಲ್ಲ ಅಂತ. ಆದ್ರೆ ಒಬ್ಳೇ ಕೂರ್ಬಾರ್ದು ಅನ್ನುಸ್ತು. ಅದ್ಕೇ ಬಂದೆ."

ಗಾಡಿ ಬದಿಗೆ ಹಾಕಿ ನಿಲ್ಲಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತುಬಿಟ್ಟೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತರು. ಲಾರಿಗಳು ಹೋಗುತ್ತಿದ್ದವು. ಸಾಕಷ್ಟು ಹೊತ್ತಾದ ಮೇಲೆ, "ಮಾನಿಟ್ರು ಜಾರ್‍ತಾ ಐತೆ ನೋಡು" ಎಂದರು. ಕಣ್ಣೊರೆಸಿಕೊಂಡು ಹಿಂದೆ ತಿರುಗಿ ರಗ್ಗು ಸರಿಮಾಡಿದೆ.

ಕಾರ್ಡ್ ಬಂದಿದೆ ಎಂದು ಅಂಗಡಿಯಿಂದ ಫೋನ್ ಬಂದ ದಿನ ಮತ್ತೆ ತುಮಕೂರಿಗೆ ಹೋದೆವು. ಜೋಡಿಸಿ ನೋಡಿಯೇ ಕೊಡೋಣ ಎಂದು ಮಾಲೀಕರು ಮರದ ಪಟ್ಟಿಯ ಕ್ಯಾಬಿನೆಟ್ ಬಿಚ್ಚಿಟ್ಟಿದ್ದರು. ಮದರ್‌ಬೋರ್ಡ್ ಕೂತಿತು. ಪವರ್ ಸಪ್ಲೈ ಕೂತಿತು. ಕಾರ್ಡನ್ನು ಇಳಿಸಿದರೆ, ಮುಂದಿನ ಫ್ಯಾನಿಗೆ ಅದರ ಮೂತಿ ತಾಗಿ ನಿಂತುಬಿಟ್ಟಿತು. ಒಂದು ಬೆರಳಿನಷ್ಟು ಜಾಗ ಕಡಿಮೆ. ಡಬ್ಬಿಯ ಮೇಲಿನ ಅಳತೆ ಫ್ಯಾನ್ ಇಲ್ಲದಾಗಿನದು.

"ಮುಂದಿನ ಫ್ಯಾನ್ ತೆಗೆದುಬಿಟ್ರೆ ಕೂರುತ್ತೆ" ಎಂದರು ಮಾಲೀಕರು, ತಮಗೇ ಸಮಾಧಾನವಿಲ್ಲದ ದನಿಯಲ್ಲಿ.

"ಫ್ಯಾನ್ ತೆಗುದ್ರೆ ಬಿಸಿ ಆಗಲ್ವಾ?" ಎಂದರು ಅತ್ತೆ.

"ಆಗುತ್ತೆ ಅಮ್ಮಾ."

ನಾನು ಅತ್ತೆಯ ಮುಖ ನೋಡಿದೆ. ಆ ಕ್ಯಾಬಿನೆಟ್ ಇಡಲೆಂದು ಅವರು ಆಗಲೇ ಜಾಗ ಮಾಡಿಸಿದ್ದರು, ಮಾವನ ಹಳೇ ಮರದ ಮೇಜಿನ ಮೇಲೆ, ಅದರ ಬಣ್ಣಕ್ಕೆ ಹೊಂದುವ ಹಾಗೆ. "ಬೇರೆ ಗಿಡ್ಡ ಕಾರ್ಡ್ ಹಾಕೋಣ ಅತ್ತೆ. ಸ್ವಲ್ಪ ಶಕ್ತಿ ಕಮ್ಮಿ ಇರುತ್ತೆ, ಪರವಾಗಿಲ್ಲ" ಎಂದೆ.

"ನಿಂಗ್ ಬೇಕಾಗಿದ್ದು ಯಾವ್ದು?"

"ಇದೇ. ಆದ್ರೆ..."

"ಆದ್ರೆ ಗೀದ್ರೆ ಬ್ಯಾಡ. ಇದ್ಕೆ ತಕ್ಕಂಥ ದೊಡ್ಡ ಡಬ್ಬ ಕೊಡಪ್ಪ" ಎಂದರು ಮಾಲೀಕರಿಗೆ. ಮರದ ಪಟ್ಟಿಯನ್ನು ಒಮ್ಮೆ ಸವರಿ ಕೈ ಹಿಂದಕ್ಕೆ ತೆಗೆದರು.

ಬಿಚ್ಚಿ ತಿರುಪು ಹಾಕಿದ ಸಾಮಾನನ್ನು ಯಾರು ವಾಪಸು ತೆಗೆದುಕೊಳ್ಳುತ್ತಾರೆ? ನಾನು ಕೇಳುವುದಕ್ಕೆ ಮುಂಚೆ ಮಾಲೀಕರೇ ಹೇಳಿದರು. "ಕೂರುತ್ತೆ ಅಂದೋನು ನಾನು. ಇದನ್ನ ನಮ್ಮ ಕೌಂಟರ್ ಕಂಪ್ಯೂಟರಿಗೇ ಹಾಕ್ಕೋತೀನಿ ಬಿಡಿ. ನೀವು ಬೇರೆ ಆರಿಸ್ಕೊಳಿ." ಅವತ್ತು ಅವರಿಗೆ ಹೇಗೆ ಧನ್ಯವಾದ ಹೇಳಿದೆನೋ ನೆನಪಿಲ್ಲ, ಸರಿಯಾಗಿ ಹೇಳಿರಲಾರೆ.

ಹೊಸದು ಎತ್ತರದ ಕಪ್ಪು ಕ್ಯಾಬಿನೆಟ್. ಮುಂದೆಲ್ಲ ಜಾಲರಿ, ಮೂರು ಫ್ಯಾನ್, ದೂಳು ತಡೆಯುವ ಫಿಲ್ಟರ್. ಚೆಂದ ಎನ್ನುವಂಥದ್ದು ಏನೂ ಇಲ್ಲ. "ಬೀರು ಇದ್ದಂಗೈತೆ" ಎಂದರು ಅತ್ತೆ. ಕಾರ್ಡ್ ಮಾತ್ರ ಒಳಗೆ ಕಾಲು ಚಾಚಿ ಮಲಗಿದ ಹಾಗೆ ಕೂತಿತು.

ಉಳಿದ ಜೋಡಣೆಯನ್ನು ನಾನೇ ಮಾಡುತ್ತೇನೆಂದು ಹಟ ಹಿಡಿದು ಮನೆಗೆ ತಂದೆ. ಭಾನುವಾರ, ಮಂಡಿಗೆ ರಜಾ. ಗಂಡ ಮೊಬೈಲ್ ಟಾರ್ಚ್ ಹಿಡಿದುಕೊಂಡು ನಿಂತರು. ಅತ್ತೆ ಬಿದ್ದ ತಿರುಪುಗಳನ್ನು ಹುಡುಕಿ ಎಲೆಅಡಿಕೆ ತಟ್ಟೆಯಲ್ಲಿ ಹಾಕಿಕೊಂಡರು. ವೈರುಗಳನ್ನೆಲ್ಲ ಸಿಕ್ಕಿಸಿ ಸ್ವಿಚ್ ಒತ್ತಿದೆ. ಫ್ಯಾನ್‌ಗಳು ತಿರುಗಿದವು. ಅಪ್ಪನ ಮಾನಿಟರ್ ಕಪ್ಪಾಗಿಯೇ ಇತ್ತು.

ಮತ್ತೆ ಒತ್ತಿದೆ. ಮತ್ತೆ ಕಪ್ಪು. ಇಷ್ಟು ಜನರ ಒಳ್ಳೆಯತನವನ್ನು ನಾನು ಸುಟ್ಟು ಹಾಕಿದೆನೇನೋ ಅನ್ನಿಸಿತು.

"ಏನೂ ಆಗಿರಲ್ಲ, ನಿಧಾನಕ್ ನೋಡೇ" ಎಂದರು ಗಂಡ. ಎಷ್ಟೋ ತಿಂಗಳಿಂದ ನನಗೆ ಏನು ಹೇಳಬೇಕೆಂದು ತಿಳಿಯದೆ ಇದ್ದವರು ಅಷ್ಟು ಗಟ್ಟಿಯಾಗಿ ಹೇಳಿದ್ದು ಹಿತವಾಯಿತು. ಒಂದು ಲೋಟ ನೀರು ಕುಡಿದು ಹಿಂಬದಿಗೆ ಬಗ್ಗಿ ನೋಡಿದೆ. ಮಾನಿಟರಿನ ಕೇಬಲ್ಲನ್ನು ಹೊಸ ಕಾರ್ಡಿಗೆ ಕೊಡುವ ಬದಲು ಮೇಲಿದ್ದ ಮದರ್‌ಬೋರ್ಡಿನ ತೂತಿಗೆ ಸಿಕ್ಕಿಸಿದ್ದೆ. ಕಿತ್ತು ಕೆಳಗಿನ ಕಾರ್ಡಿಗೆ ಸಿಕ್ಕಿಸಿದೆ. ಪರದೆ ಬೆಳಗಿತು.

"ಬಂತು!" ಎಂದು ಮೊದಲು ಕೂಗಿದವರು ಅತ್ತೆ.

ಆಟ ಇಂಟರ್‌ನೆಟ್ಟಿನಲ್ಲಿ ನಿಂತಲ್ಲೇ ಉಳಿದಿತ್ತು, ಅದೇ ವಾರ ಹಿಮದ ಸೇತುವೆ ದಾಟಿದೆವು. ಹಳೇ ಲ್ಯಾಪ್‌ಟಾಪಿನಲ್ಲಿ ಬರೀ ಬಿಳಿಯಾಗಿ ಕಾಣುತ್ತಿದ್ದ ಹಿಮದಲ್ಲಿ ಈಗ ನೀಲಿಯೂ ಗುಲಾಬಿಯೂ ಇದ್ದವು. ಅಪ್ಪ ಒಮ್ಮೆ ಗುಬ್ಬಿಗೆ ಬಂದಾಗ ಹಿಂದೆ ನಿಂತು ನೋಡಿ, "ಸಂಜೆ ಬೆಳ್ಕು ಸರ್‍ಯಾಗ್ ಬಿದ್ದೈತೆ ಕಣಮ್ಮಾ" ಎಂದರು. ಹುಡುಗಿಗೆ ತಮ್ಮ ಸಿಕ್ಕಿದ. ಆ ದಿನ ನಾನು, ಅತ್ತೆ, ನನ್ನ ಗಂಡ ಮೂವರೂ ಪರದೆಯ ಮುಂದೆಯೇ ಕೂತು ಕಾಫಿ ಕುಡಿದೆವು.

ಈಗ ಬೇರೆ ಗೇಮ್ ಆಡುತ್ತಿದ್ದೇವೆ. ತಿಂಗಳಿಗೊಮ್ಮೆ ಫಿಲ್ಟರ್ ಬಿಚ್ಚಿ ತೊಳೆದು ಮಹಡಿಯ ಮೇಲೆ ಒಣಗಿಸುವುದು ಅತ್ತೆಯ ಕೆಲಸ, ಅದನ್ನು ನನಗೆ ಬಿಟ್ಟುಕೊಡುವುದಿಲ್ಲ. ಮೊನ್ನೆ ಫೋನ್ ಬಂತೆಂದು ನಾನು ಎದ್ದು ಹೊರಗೆ ಹೋಗಿದ್ದೆ. ವಾಪಸು ಬಂದಾಗ ಅತ್ತೆ ನನ್ನ ಕುರ್ಚಿಯಲ್ಲಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಎರಡು ಕೈಯಲ್ಲೂ ಕಂಟ್ರೋಲರ್ ಹಿಡಿದಿದ್ದರು. ಪರದೆಯ ಮೇಲಿನ ದೋಣಿ ದಡಕ್ಕೆ ಗುದ್ದುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ಗುದ್ದುತ್ತಿತ್ತು.

"ಹೇಳ್ಕೊಡ್ಲಾ ಅತ್ತೆ?" ಎಂದೆ.

"ಸುಮ್ನಿರೇ, ನಾನೇ ಕಲಿತೀನಿ" ಎಂದರು.

ನಾನು ಅವರ ಕುರ್ಚಿಯಲ್ಲಿ ಕೂತು ನೋಡುತ್ತ ಇದ್ದೆ.